ಕಷ್ಟ ಅಂತ ಇಂಗ್ಲಿಷಿನಲ್ಲಿ ಹೇಳುವಾಗ: ಮಗಳಿಗೊಂದು ಪತ್ರ

ಕೋಲಾರ

ಪ್ರೀತಿಯ ಪುಟ್ಟಿ,

ನಿಮ್ಮ ಮೇಡಂಗೆ ಕಳಿಸಬೇಕಿರುವ ಮೇಲ್ ಓದಿದೆ. ವಿಷಯ ಚೆನ್ನಾಗಿಯೇ ಬರೆದಿದ್ದೀಯ. ಮೊದಲ ಸಾಲು ಮಾತ್ರ ತಿದ್ದಬೇಕು. ‘ಐ ಆಮ್ ಡಿಫಿಕಲ್ಟ್ ಟು ಅಂಡರ್‌ಸ್ಟಾಂಡ್’ ಅಂತ ಶುರು ಮಾಡಿದ್ದೀಯ. ಹಾಗೆ ಬರೆದರೆ ಕಷ್ಟ ಪಾಠದ್ದಾಗುವುದಿಲ್ಲ, ನಿನ್ನದಾಗುತ್ತದೆ. ‘ನನ್ನನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ’ ಅಂತ ಓದಿಸಿಕೊಳ್ಳುತ್ತದೆ. ಅದೂ ನಿಜವೇ ಅಲ್ವಾ ಅಂತ ನಿಮ್ಮಮ್ಮ ನಗುತ್ತಿದ್ದಾಳೆ. ಅದು ಬೇರೆ ಮಾತು.

ನಮ್ಮ ಹೈಸ್ಕೂಲ್ ಮಕ್ಕಳೂ ಹೀಗೇ ಬರೆಯುತ್ತಾರೆ. ಕಾರಣ ಇದೆ. ನಾವು ‘ನನಗೆ ಹಸಿವು’ ಅನ್ನುತ್ತೇವೆ, ‘ನನಗೆ ಕಷ್ಟ’ ಅಂತಲೂ ಅನ್ನುತ್ತೇವೆ. ಎರಡರಲ್ಲೂ ‘ನನಗೆ’ ಇದೆ. ಹಸಿವಿಗೆ ‘ಐ ಆಮ್ ಹಂಗ್ರಿ’ ನಡೆಯುತ್ತದೆ, ಹಾಗಾಗಿ ಕಷ್ಟಕ್ಕೂ ನಡೆಯುತ್ತದೆ ಅಂದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಕಷ್ಟವಾಗಿರುವುದು ಕೆಲಸ, ಕೆಲಸ ಮಾಡುವವರಲ್ಲ. ಆದ್ದರಿಂದ ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಅಂಡರ್‌ಸ್ಟಾಂಡ್’ ಅನ್ನಬೇಕು. ಇಲ್ಲವೇ ‘ಐ ಫೈಂಡ್ ಇಟ್ ಡಿಫಿಕಲ್ಟ್ ಟು ಅಂಡರ್‌ಸ್ಟಾಂಡ್’. ಮೇಡಂಗೆ ಬರೆಯಲು ನನಗೆ ಎರಡನೆಯದೇ ಇಷ್ಟ. ನಡುವಿನ ಆ ಪುಟ್ಟ ‘ಇಟ್’ ಬಿಟ್ಟುಬಿಡಬೇಡ. ಜಾಸ್ತಿ ಜನ ಎಡವುವುದು ಅಲ್ಲೇ.

ಇನ್ನು ನೀನು ಕೇಳಿದ್ದು. ‘ಡಿಫಿಕಲ್ಟಿ’ ಆದಮೇಲೆ ‘ಟು’ ಬರಬೇಕಾ, ‘ಇನ್’ ಬರಬೇಕಾ? ‘ಡಿಫಿಕಲ್ಟ್’ ಅಂದರೆ ‘ಟು’ ಸರಿ. ಅದೇ ‘ಡಿಫಿಕಲ್ಟಿ’ ಆಯಿತೋ, ‘ಹ್ಯಾವ್ ಡಿಫಿಕಲ್ಟಿ ಟು’ ಅನ್ನುವ ಹಾಗಿಲ್ಲ. ‘ಐ ಹ್ಯಾವ್ ಡಿಫಿಕಲ್ಟಿ ಇನ್ ಅಂಡರ್‌ಸ್ಟಾಂಡಿಂಗ್’ ಅನ್ನಬೇಕು. ‘ಇನ್’ ಬಿಟ್ಟರೂ ತಪ್ಪಲ್ಲ, ಮಾತಿನಲ್ಲಿ ಬಿಡುವುದೇ ಹೆಚ್ಚು. ಆದರೆ ಕೊನೆಯ ‘ಇಂಗ್’ ಇರಲೇಬೇಕು. ಮುಂದೆ ಬರುವುದು ಕ್ರಿಯಾಪದ ಅಲ್ಲದೆ ಬರೀ ಹೆಸರಾದರೆ ‘ವಿತ್’: ‘ಡಿಫಿಕಲ್ಟಿ ವಿತ್ ಮ್ಯಾಥ್ಸ್’, ‘ಟ್ರಬಲ್ ವಿತ್ ದ ಬೋರ್‌ವೆಲ್’. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಇಂಥ ಉದಾಹರಣೆಗೆ ಮಾತ್ರ ಬರ ಇಲ್ಲ ನೋಡು. ‘ದ ಡಿಫಿಕಲ್ಟಿ ಆಫ್ ಫೈಂಡಿಂಗ್ ವಾಟರ್ ಇನ್ ಕೋಲಾರ್’ ಅಂತಲೂ ಬರೆಯಬಹುದು. ಅಲ್ಲಿ ‘ಆಫ್’ ಯಾಕೆ ಅಂದರೆ, ಕಷ್ಟ ಒಬ್ಬರದ್ದು ಅಂತ ಹೇಳುತ್ತಿಲ್ಲ, ನೀರು ಹುಡುಕುವ ಕೆಲಸವೇ ಅಂಥದ್ದು ಅಂತ ಹೇಳುತ್ತಿದ್ದೀಯ. ಅಂತರಗಂಗೆ ಬೆಟ್ಟವನ್ನು ನಿಮ್ಮಜ್ಜಿ ಕಷ್ಟಪಟ್ಟು ಹತ್ತಿದರು ಅನ್ನುವುದಕ್ಕೆ ‘ವಿತ್ ಡಿಫಿಕಲ್ಟಿ’ ಸಾಕು.

ನಿನ್ನ ಮೇಲ್‌ನಲ್ಲಿ ಇನ್ನೆರಡು ಇವೆ. ‘ಕೋಪ್ ಅಪ್ ವಿತ್’ ಅಂತ ಬರೆದಿದ್ದೀಯ. ಆ ‘ಅಪ್’ ತೆಗೆದುಹಾಕು, ‘ಕೋಪ್ ವಿತ್’ ಅಷ್ಟೇ. ‘ಐ ಸ್ಟಡೀಡ್ ಹಾರ್ಡ್ಲಿ’ ಅಂತೂ ಖಂಡಿತ ಬೇಡ. ಓದಲೇ ಇಲ್ಲ ಅನ್ನುವ ಹಾಗಾಗುತ್ತದೆ. ಕಷ್ಟಪಟ್ಟು ಓದಿದ್ದರೆ ‘ಹಾರ್ಡ್’.

ಇನ್, ಆನ್, ಅಟ್ ಯಾವಾಗಲೂ ಗೊಂದಲ ಅಂದೆ. ಕಾಲದ ಮಾತಿಗೆ ಗೊಂದಲ ಬೇಕಿಲ್ಲ, ಕನ್ನಡವೇ ದಾರಿ ತೋರಿಸುತ್ತದೆ. ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ: ‘ಇನ್’. ಫೆಬ್ರವರಿ 28ರಂದು: ‘ಆನ್’. ಐದು ಗಂಟೆಗೆ ಬಸ್ಸು: ‘ಅಟ್’. ಕಷ್ಟ ಇರುವುದು ಜಾಗದ ಮಾತಿನಲ್ಲಿ. ಕೋಲಾರದಲ್ಲಿ, ಬಸ್ಸಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲದಕ್ಕೂ ನಮಗೆ ಒಂದೇ ‘ಅಲ್ಲಿ’. ಇಂಗ್ಲಿಷಿನವರು ಊರಿಗೆ ‘ಇನ್’, ಬಸ್ಸಿಗೆ ‘ಆನ್’, ನಿನ್ನನ್ನು ಕರೆದುಕೊಳ್ಳಲು ನಾನು ಕಾಯುವ ಬಸ್ ಸ್ಟ್ಯಾಂಡಿಗೆ ‘ಅಟ್’ ಹಾಕುತ್ತಾರೆ. ಅದೇ ಆಟೋ, ಕಾರು ಆದರೆ ಮತ್ತೆ ‘ಇನ್’. ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಆನ್’ ಅಂತ ಇಟ್ಟುಕೊಂಡರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಸೈಕಲ್ಲಿಗೂ ‘ಆನ್’ ಯಾಕೆ ಅಂತ ಕೇಳುತ್ತೀಯ, ಗೊತ್ತು. ಅದರ ಮೇಲೆ ಕೂರುತ್ತೇವಲ್ಲ.

ಇದರಾಚೆಗೆ ನಿಯಮ ಹುಡುಕುತ್ತಾ ಕೂರುವುದು ದಂಡ ಅಂತ ನನ್ನ ಅಭಿಪ್ರಾಯ. ‘ಗುಡ್ ಅಟ್’, ‘ಡಿಪೆಂಡ್ ಆನ್’, ‘ಮ್ಯಾರೀಡ್ ಟು’. ಇವನ್ನು ಜೋಡಿಯಾಗಿಯೇ ಕಲಿಯಬೇಕು. ಗೈಡ್‌ಗಳಲ್ಲಿ ಐವತ್ತು ವಾಕ್ಯ ಕೊಟ್ಟು ಬಿಟ್ಟ ಜಾಗ ತುಂಬಿಸುತ್ತಾರಲ್ಲ, ಅದರಿಂದ ಮಾರ್ಕ್ಸ್ ಬರಬಹುದು, ಮಾತು ಬರುವುದಿಲ್ಲ. ದಿನಾ ಪೇಪರಿನ ಒಂದು ಸುದ್ದಿಯನ್ನು ಜೋರಾಗಿ ಓದು. ಕಿವಿಗೆ ಬಿದ್ದ ಜೋಡಿ ತಾನಾಗಿ ಉಳಿಯುತ್ತದೆ. ನಮ್ಮ ಮುಳಬಾಗಿಲಿನ ಡಿವಿಜಿ ಮೆಟ್ರಿಕ್ ಕೂಡ ಪಾಸಾಗಿರಲಿಲ್ಲ. 1913ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಪತ್ರಿಕೆಯನ್ನೇ ಶುರು ಮಾಡಿದರು! ಅಷ್ಟು ಇಂಗ್ಲಿಷ್ ಅವರಿಗೆ ಬಂದದ್ದು ಪರೀಕ್ಷೆಯಿಂದಲ್ಲ.

ಮೇಲ್ ಹೀಗೆ ಶುರು ಮಾಡು: ‘ಮೇಡಂ, ಐ ಆಮ್ ಹ್ಯಾವಿಂಗ್ ಡಿಫಿಕಲ್ಟಿ ವಿತ್ ದ ಥರ್ಡ್ ಯೂನಿಟ್.’ ಆಮೇಲೆ ಎಲ್ಲಿ ಅರ್ಥವಾಗಿಲ್ಲ ಅಂತ ನೇರವಾಗಿ ಬರೆ. ಕೊನೆಯಲ್ಲಿ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಬೇಡ. ಅದು ಆಫೀಸಿನ ಅರ್ಜಿಗಳಿಗೆ ಇರಲಿ.

ಭಾನುವಾರ ಬರುವಾಗ ಆ ಕಾಸ್ಟ್ ಅಕೌಂಟಿಂಗ್ ಪುಸ್ತಕವನ್ನೂ ತಗೊಂಡು ಬಾ. ಆ ಲೆಕ್ಕ ನನ್ನಿಂದ ಆಗುವುದಿಲ್ಲ, ನಿಮ್ಮ ಚಿಕ್ಕಪ್ಪನನ್ನು ಕೂರಿಸೋಣ.

ನಿನ್ನ
ಅಪ್ಪ