ಸುರಂಗದ ನೀರು ಮತ್ತು ಒಂದು ಪುಸ್ತಕ

ಬಾಯಾರು, ಕಾಸರಗೋಡು

ಪ್ರೀತಿಯ ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಬದುಕು ಬದಲಿಸುವ ಹತ್ತು ಪುಸ್ತಕಗಳ ಹೆಸರು ಕಳಿಸಿ ಅಂತ ಕೇಳಿದ್ದೀ. ಎರಡು ದಿನ ಯೋಚಿಸಿದೆ. ಇಷ್ಟವಾದ ಪುಸ್ತಕಗಳು ನೂರಿವೆ. ಆದರೆ ನನ್ನನ್ನು ಬದಲಿಸಿದ್ದು ಒಂದೇ. ಅದರ ಕತೆ ನಿನಗೆ ಯಾವತ್ತೂ ಹೇಳಿಲ್ಲ.

ರಜೆಯಲ್ಲಿ ಬಂದಾಗ ನೀನು ಬೊಗಸೆಯಲ್ಲಿ ಹಿಡಿದು ಕುಡಿಯುತ್ತೀಯಲ್ವಾ, ಮನೆ ಹಿಂದಿನ ಸುರಂಗದ ನೀರು? ಅದನ್ನು ಕೊರೆದವರು ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು. ನಾನಾಗ ಸಣ್ಣವ. ಅವರು ಪಿಕ್ಕಾಸು ಹಿಡಿದು, ಮೊಂಬತ್ತಿ ಹಚ್ಚಿಕೊಂಡು ಮುರಕಲ್ಲಿನ ಗುಡ್ಡದೊಳಗೆ ಹೋಗುತ್ತಿದ್ದರು. ದೀಪ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಲೆಕ್ಕ, ಹೊರಗೆ ಬರಬೇಕು. ಹಾಗೆ ತಿಂಗಳುಗಟ್ಟಲೆ ಕೊರೆದ ಮೇಲೆ ನೀರು ಸಿಕ್ಕಿತು. ಪಂಪು ಬೇಡ, ಹಗ್ಗ ಬೇಡ, ತಾನಾಗಿ ಹರಿದು ಬರುವ ನೀರು. ಅದೇ ನೀರನ್ನು ನನ್ನ ಅಮ್ಮ ಅವರಿಗೆ ಮೇಲಿನಿಂದ ಹೊಯ್ಯುತ್ತಿದ್ದರು. ಅವರು ಜಾಲಿನ, ಅಂದರೆ ಅಂಗಳದ, ಕೊನೆಯಲ್ಲಿ ಕೂತು ಕೈಯೊಡ್ಡಿ ಕುಡಿಯುತ್ತಿದ್ದರು. ನನ್ನ ಅಪ್ಪನ ಪ್ರಾಯದವರು. ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಇದರಲ್ಲಿ ಏನೋ ತಪ್ಪಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಹದಿನಾರನೇ ವಯಸ್ಸಿನಲ್ಲಿ ಮಾಸ್ಟ್ರೊಬ್ಬರು ಶಿವರಾಮ ಕಾರಂತರ 'ಚೋಮನ ದುಡಿ' ಕೊಟ್ಟರು. 1933ರಲ್ಲಿ ಬಂದ ಸಣ್ಣ ಕಾದಂಬರಿ. ಚೋಮನ ಹತ್ತಿರ ಎರಡು ಎತ್ತುಗಳಿವೆ. ಉಳಲು ಅಂಗೈಯಗಲ ಗದ್ದೆ ಇಲ್ಲ. ಅವನ ಜಾತಿಯವರಿಗೆ ಯಾರೂ ಗದ್ದೆ ಕೊಡುವುದಿಲ್ಲ. ಎರಡು ಸಂಜೆಯಲ್ಲಿ ಓದಿ ಮುಗಿಸಿದೆ. ಕೊನೆಯಲ್ಲಿ ತುಂಬಾ ಅತ್ತೆ. ಮರುದಿನ ಜಾಲಿನ ಕೊನೆಯಲ್ಲಿ ಕೂತವರಿಗೆ ನಾನೇ ಮೇಲಿನಿಂದ ನೀರು ಹೊಯ್ದೆ. ಪುಸ್ತಕದ ಚೋಮನಿಗಾಗಿ ಅತ್ತವನಿಗೆ ಎದುರಿಗೆ ಕೂತವರು ಕಾಣಲೇ ಇಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

1970ರ ಜನವರಿ 1ರಿಂದ ಕೇರಳದಲ್ಲಿ ಹೊಸ ಭೂಸುಧಾರಣೆ ಜಾರಿಗೆ ಬಂತು. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಗಾರರಿಗೆ ಆ ಮನೆಯಡಿಯನ್ನು ಸ್ವಂತ ಮಾಡಿಕೊಳ್ಳುವ ಹಕ್ಕು ಸಿಕ್ಕಿತು. ಪಂಚಾಯತ್ ಪ್ರದೇಶದಲ್ಲಿ ಎಕರೆಯ ಹತ್ತನೇ ಒಂದು ಪಾಲು, ಅಂದರೆ ಹತ್ತು ಸೆಂಟ್ಸ್‌ವರೆಗೆ. ಆಮೇಲೆ ಒಂದೆರಡು ವರ್ಷದಲ್ಲಿ ನಮ್ಮ ಸುರಂಗ ಕೊರೆದವರ ಕೈಗೂ ಕಾಗದ ಬಂತು. ಓದಿ ಹೇಳು ಅಂತ ನನ್ನ ಹತ್ತಿರ ತಂದರು. ಮಲಯಾಳಂನಲ್ಲಿತ್ತು. ನಾನು ತುಳುವಿನಲ್ಲಿ ಹೇಳಿದೆ. "ಹತ್ತು ಸೆಂಟ್ಸ್ ಅಂದರೆ ಎಲ್ಲಿಯವರೆಗೆ?" ಅಂತ ಕೇಳಿದರು. ಅವರ ಗುಡಿಸಲಿನ ತನಕ ಜೊತೆಗೆ ಹೋದೆ. ಇಲ್ಲಿಂದ ಇಲ್ಲಿಗೆ ಅಂತ ಅಂದಾಜಿನಲ್ಲಿ ತೋರಿಸಿದೆ. ತಲೆಯ ಮೇಲಿನ ಮುಟ್ಟಾಳೆ ತೆಗೆದು ಕಂಕುಳಲ್ಲಿಟ್ಟು, ಆ ಗಡಿಯ ಮೇಲೆ ಒಂದು ಸುತ್ತು ನಡೆದರು. ಮತ್ತೆ ಇನ್ನೊಂದು ಸುತ್ತು. ಆ ಎರಡನೇ ಸುತ್ತಿನಲ್ಲಿ ನನಗೆ ಚೋಮ ನೆನಪಾದ. ಓದಿ ಎರಡು ವರ್ಷವಾದ ಮೇಲೆ ಆ ಪುಸ್ತಕ ನನಗೆ ಅರ್ಥವಾಯಿತು.

ಮರುದಿನ ಚೊಂಬಿನಲ್ಲಿ ನೀರು ತಂದು ಕೈಗೆ ಕೊಡಲು ಹೋದೆ. ಅವರು ಮುಟ್ಟಲಿಲ್ಲ. ಮೆಟ್ಟಿಲ ಮೇಲಿಟ್ಟೆ. ಅವತ್ತು ಕುಡಿಯಲಿಲ್ಲ. ಎಷ್ಟೋ ದಿನ ಹೀಗೇ ನಡೆಯಿತು. ಕೊನೆಗೆ ಒಂದು ದಿನ ಕುಡಿದರು. ಅಮ್ಮ ಆ ಚೊಂಬನ್ನು ಬೇರೆ ಎತ್ತಿಟ್ಟರು. ಅವತ್ತಿನಿಂದ ನಾನೂ ಅದರಲ್ಲೇ ಕುಡಿಯತೊಡಗಿದೆ. ಕ್ರಮೇಣ ಅಮ್ಮ ಅದನ್ನು ಉಳಿದ ಪಾತ್ರೆಗಳ ಜೊತೆ ಸೇರಿಸಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಗಾಂಧೀಜಿಯ ವಿಷಯ ನಿನಗೆ ಗೊತ್ತಿರಬಹುದು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ನರ 'ಅನ್‌ಟು ದಿಸ್ ಲಾಸ್ಟ್' ಓದಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ವರ್ಷ ಫೀನಿಕ್ಸ್ ಆಶ್ರಮ ಕಟ್ಟಿದರು. ಎಲ್ಲರೂ ಇಷ್ಟನ್ನು ಹೇಳುತ್ತಾರೆ. ತನ್ನೊಳಗೆ ಆಳದಲ್ಲಿದ್ದ ಕೆಲವು ನಂಬಿಕೆಗಳೇ ಆ ಪುಸ್ತಕದಲ್ಲಿ ಕಂಡವು ಎಂದೂ ಅವರು ಬರೆದಿದ್ದಾರೆ. ನನಗೆ ಆ ಮಾತೇ ಜಾಸ್ತಿ ಮುಖ್ಯ. ಆ ಪುಸ್ತಕವನ್ನು ಇನ್ನೂ ಎಷ್ಟೋ ಜನ ಓದಿರುತ್ತಾರೆ, ಕಪಾಟಿಗೆ ಸೇರಿಸಿರುತ್ತಾರೆ. ಗಾಂಧೀಜಿ ರೈಲಿನಿಂದ ಇಳಿದವರೇ ಕೆಲಸ ಶುರು ಮಾಡಿದರು.

ಅದಕ್ಕೇ ನಿನಗೆ ಪಟ್ಟಿ ಕಳಿಸುತ್ತಿಲ್ಲ, ಪುಟ್ಟಿ. ಓದಿದ ಮೇಲೆ ನಿನ್ನ ಸುತ್ತ ಒಮ್ಮೆ ನೋಡು. ಹಾಸ್ಟೆಲಿನಲ್ಲಿ ಯಾರು ಪಾತ್ರೆ ತೊಳೆಯುತ್ತಾರೆ, ಅವರು ಎಲ್ಲಿ ಕೂತು ಉಣ್ಣುತ್ತಾರೆ ನೋಡು. ಬೇಸರ ತರಿಸುವ ಪುಸ್ತಕವನ್ನು ಧಾರಾಳ ಬಿಡು. ಮನಸ್ಸಿಗೆ ಚುಚ್ಚಿದ್ದನ್ನು ಮಾತ್ರ ಎರಡು ವರ್ಷ ಬಿಟ್ಟು ಇನ್ನೊಮ್ಮೆ ಓದು. ಕೋಝಿಕ್ಕೋಡಿಗೆ ಹೋದ ಮೇಲೆ ಕನ್ನಡ ಓದುವುದು ನಿಧಾನವಾಗಿದೆ ಅಂತ ಬೇಸರ ಮಾಡಿಕೊಂಡಿದ್ದೀ. ನಿಧಾನವಾದರೆ ಆಗಲಿ, ಬಿಡಬೇಡ. ನಮ್ಮ ಜಾಲು, ತೋಟ, ಗುಡ್ಡೆ ಇರುವ ಭಾಷೆಯಲ್ಲಿ ಓದಿದ್ದರಿಂದಲೇ ಆ ಕತೆ ನನ್ನ ಮನೆ ಬಾಗಿಲಿಗೆ ಬಂತು.

ನನ್ನ ಹಳೆಯ ಪ್ರತಿಯನ್ನು ನಿನ್ನ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಲಿಗೆ ಬಿಟ್ಟಿದೆ, ಜೋಪಾನ. ಅಂಚಿನಲ್ಲಿ ಪೆನ್ಸಿಲಿನಿಂದ ನಾನು ಬರೆದದ್ದಿದೆ. ನೀನೂ ಬರೆ. ವಿಷುವಿಗೆ ಬರುವಾಗ ತಾ. ನೀನು ಏನು ಬರೆದಿದ್ದೀ ಅಂತ ನನಗೆ ಓದಬೇಕು.

ಇಂತು,
ನಿನ್ನ ಅಜ್ಜ