ಅಡಿಕೆ ಹಾಳೆ ಎಳೆಯುವುದೂ ಪಾಠವೇ: 7 ಮತ್ತು 8ನೇ ತರಗತಿ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಸಮಯ, ಎಲ್ಲರ ಮನೆಯಲ್ಲೂ ಕೈತುಂಬ ಕೆಲಸ. ಆದರೂ ಐದು ನಿಮಿಷ ಬಿಡುವು ಮಾಡಿಕೊಂಡು ಈ ಪತ್ರ ಓದಿ ಎಂದು ಕೇಳಿಕೊಳ್ಳುತ್ತೇನೆ.

ಕಳೆದ ವಾರ ಒಬ್ಬರು ಮಗನನ್ನು ಕರೆದೊಯ್ಯಲು ಬಂದಿದ್ದರು. ಅಂಗಳದಲ್ಲಿ ಎಂಟನೇ ತರಗತಿ ಮಕ್ಕಳು ಅಡಿಕೆ ಹಾಳೆ ಮೇಲೆ ಕೂತು ಒಬ್ಬರನ್ನೊಬ್ಬರು ಎಳೆಯುತ್ತಿದ್ದರು. "ಮೇಷ್ಟ್ರೇ, ಹಾಳೆ ಎಳೆಯೋಕೆ ನಮ್ಮ ತೋಟದಲ್ಲೇ ಜಾಗ ಇದೆ. ಅದಕ್ಕೆ ಶಾಲೆಗೆ ಯಾಕೆ ಕಳಿಸಬೇಕು?" ಎಂದು ಕೇಳಿದರು. ಕೇಳಿದ್ದು ಸರಿಯೇ. ನೋಟ್ ಬುಕ್ಕಿನಲ್ಲಿ ಜಾಸ್ತಿ ಬರೆದಿಲ್ಲ, ಪರೀಕ್ಷೆ ಬೇರೆ ಬರುತ್ತಿದೆ. ನಿಮ್ಮಲ್ಲಿ ಇನ್ನೂ ಕೆಲವರಿಗೆ ಇದೇ ಪ್ರಶ್ನೆ ಇರಬಹುದು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಈಗ ನಡೆಯುತ್ತಿರುವುದು ಬಲ, ಚಲನೆ, ಘರ್ಷಣೆಯ (ಒಂದಕ್ಕೊಂದು ಉಜ್ಜಿದಾಗ ಆಗುವ ತಡೆ) ಪಾಠ. ಬರೀ ಬಾಯಿಪಾಠ ಮಾಡಿಸುವುದಾದರೆ ಎರಡು ದಿನದ ಕೆಲಸ. ಆದರೆ ಇಲ್ಲೊಂದು ತೊಡಕಿದೆ. ತಳ್ಳುತ್ತಿದ್ದರೆ ಮಾತ್ರ ವಸ್ತು ಮುಂದೆ ಹೋಗುತ್ತದೆ, ತಳ್ಳುವುದು ಬಿಟ್ಟರೆ ತಾನಾಗಿ ನಿಲ್ಲುತ್ತದೆ ಎಂದು ಮಕ್ಕಳು ಮೊದಲೇ ನಂಬಿರುತ್ತಾರೆ. ಸೈಕಲ್ ತುಳಿಯುವುದು ಬಿಟ್ಟರೆ ನಿಲ್ಲುತ್ತದೆ ಅಲ್ವಾ? ಗ್ರೀಸಿನ ಅರಿಸ್ಟಾಟಲ್ ಕೂಡ ಹಾಗೇ ತಿಳಿದಿದ್ದ. ಅದು ಪೂರ್ತಿ ಸರಿಹೋಗಲು ಸುಮಾರು ಎರಡು ಸಾವಿರ ವರ್ಷ ಬೇಕಾಯಿತು. ನ್ಯೂಟನ್ ತನ್ನ ಚಲನೆಯ ನಿಯಮಗಳನ್ನು ಅಚ್ಚು ಹಾಕಿಸಿದ್ದು 1687ರಲ್ಲಿ. ಅಷ್ಟು ಕಾಲ ಹಿಡಿದ ಮಾತನ್ನು ಹದಿಮೂರು ವರ್ಷದ ಮಗು ಬೋರ್ಡ್ ನೋಡಿ ಬರೆದುಕೊಂಡ ಮಾತ್ರಕ್ಕೆ ಒಪ್ಪಿಕೊಳ್ಳುತ್ತದೆ ಎಂದು ನನಗೆ ಅನಿಸುವುದಿಲ್ಲ. ಪರೀಕ್ಷೆಯಲ್ಲಿ ನ್ಯೂಟನ್ ಹೇಳಿದ್ದನ್ನು ಬರೆಯುತ್ತದೆ, ಮನಸ್ಸಿನಲ್ಲಿ ಹಳೆಯದೇ ಇರುತ್ತದೆ.

ಅದಕ್ಕೇ ಹಾಳೆ. ನಮ್ಮ ವಿಜ್ಞಾನದ ಟೀಚರ್ ಹಾಳೆಯ ಮೇಲೆ ಎರಡು ಇಟ್ಟಿಗೆ ಇಟ್ಟು, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮಕ್ಕಳ ಕೈಗೆ ಕೊಟ್ಟರು. ಮೆಲ್ಲಗೆ ಎಳೆದಂತೆ ಮುಳ್ಳು ಏರುತ್ತಾ ಹೋಯಿತು, ಹಾಳೆ ಕದಲಲಿಲ್ಲ. ಇನ್ನೂ ಸ್ವಲ್ಪ ಎಳೆದಾಗ ಸರ್ರನೆ ಹೊರಟಿತು. ಹೊರಟ ಕೂಡಲೇ ಮುಳ್ಳು ಕೆಳಗಿಳಿಯಿತು. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ. ಕದಲಿಸಲು ಬೇಕಾದ ಬಲ ಜಾಸ್ತಿ, ಎಳೆಯುತ್ತಾ ಹೋಗಲು ಬೇಕಾದ್ದು ಕಡಿಮೆ. ಸ್ಥಿರ ಘರ್ಷಣೆ, ಜಾರು ಘರ್ಷಣೆ ಎಂಬ ಹೆಸರುಗಳನ್ನು ಟೀಚರ್ ಆಮೇಲೆ ಹೇಳಿದರು.

ಮರುದಿನ ಗೋಲಿ. ಒಂದೇ ಇಳಿಜಾರಿನಿಂದ ಉರುಳಿ ಬಿಟ್ಟರೆ ಗೋಣಿಚೀಲದ ಮೇಲೆ ಒಂದು ಗೇಣು ಹೋಗಿ ನಿಂತಿತು. ಸಿಮೆಂಟ್ ನೆಲದ ಮೇಲೆ ಎಷ್ಟೋ ಮಾರು ಹೋಯಿತು. ಆಫೀಸಿನ ಟೈಲ್ಸ್ ಮೇಲೆ ಬಿಟ್ಟಾಗ ಗೋಡೆಗೇ ಬಡಿಯಿತು. ಆಗ ಹಿಂದಿನ ಬೆಂಚಿನ ಒಬ್ಬಳು, ಯಾವಾಗಲೂ ಸುಮ್ನೆ ಕೂರುವವಳು, ಕೇಳಿದಳು: "ಸಾರ್, ಇನ್ನೂ ನುಣ್ಣಗಿನ ನೆಲ ಇದ್ದು, ಗೋಡೆನೇ ಇಲ್ದಿದ್ರೆ ಇದು ಎಲ್ಲಿ ನಿಲ್ಲತ್ತೆ?"

ಇಟಲಿಯ ವಿಜ್ಞಾನಿ ಗೆಲಿಲಿಯೋ ಯೋಚಿಸಿದ್ದೂ ಇದನ್ನೇ. ನಿಲ್ಲಿಸುವುದು ನೆಲದ ಘರ್ಷಣೆ. ಅದು ಇಲ್ಲದಿದ್ದರೆ ಗೋಲಿ ನಿಲ್ಲಬೇಕಾಗಿಯೇ ಇಲ್ಲ. ಅವಳಿಗೆ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆಯ ಕಥೆ ಹೇಳಿದೆವು. 1977ರಲ್ಲಿ ಹಾರಿಸಿದ್ದು. ಹಿಂದಿನಿಂದ ತಳ್ಳುವ ಎಂಜಿನ್ ಇಲ್ಲದೆ ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತಲೇ ಇದೆ. ಅಲ್ಲಿ ಉಜ್ಜಿ ತಡೆಯಲು ನೆಲವಿಲ್ಲ, ಗಾಳಿಯಿಲ್ಲ. ಆ ಮಗುವಿನ ಮುಖ ನೋಡಿದ ಮೇಲೆ ಈ ಪಾಠಕ್ಕೆ ಇನ್ನೊಂದು ವಾರ ಕೊಡೋಣ ಎಂದು ಟೀಚರಿಗೆ ನಾನೇ ಹೇಳಿದೆ. ನೋಟ್ಸ್ ಆ ವಾರದಲ್ಲಿ ಬರುತ್ತದೆ, ಚಿಂತೆ ಬೇಡ.

ನಿಮ್ಮಿಂದ ಒಂದು ಸಹಾಯ ಬೇಕು. ತೋಟದಲ್ಲಿ ಕೊನೆ ಇಳಿಸುವಾಗ ಮಕ್ಕಳನ್ನು ದೂರ ನಿಲ್ಲಿಸಿ ತೋರಿಸಿ. ನೇಣು (ಕೊನೆ ಜಾರಿಸುವ ಹಗ್ಗ) ಹಿಡಿದವರು ಹಿಂದಕ್ಕೆ ಸರಿದಷ್ಟೂ ಹಗ್ಗದ ಇಳಿಜಾರು ಕಡಿಮೆ, ಕೊನೆ ಜಾರಿ ಬರುವ ಸ್ಪೀಡೂ ಕಡಿಮೆ. ಮೇಲಿಂದ ನೇರ ಬಿದ್ದರೆ ಕಣ್ಣಿಗೆ ಸಿಗುವುದಿಲ್ಲ ಎಂದೇ ಗೆಲಿಲಿಯೋ 400 ವರ್ಷದ ಹಿಂದೆ ಓರೆ ಹಲಗೆಯ ಮೇಲೆ ಗುಂಡು ಉರುಳಿಸಿ ಅಳೆದ. ನಿಮ್ಮ ತೋಟದಲ್ಲಿ ಆ ಓರೆ ಹಲಗೆ ಹಗ್ಗದ ರೂಪದಲ್ಲಿ ಇದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಸೋಗೆ ಯಾಕೆ ಹಾಸುತ್ತೀರಿ ಎಂದೂ ಕೇಳಿ. ಉತ್ತರ ನೀವೇ ಹೇಳಿಬಿಡಬೇಡಿ. ತಪ್ಪು ಹೇಳಿದರೂ "ಹೌದಾ? ಮಾಡಿ ನೋಡು" ಅನ್ನಿ. ಪುಸ್ತಕದಲ್ಲಿ ಜವ ಎಂದಿದೆ, ಮನೆಯಲ್ಲಿ ಸ್ಪೀಡ್ ಅಂದರೆ ಏನೂ ತೊಂದರೆ ಇಲ್ಲ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಾಳೆಯನ್ನು ಗಕ್ಕನೆ ಎಳೆದರೆ ಕೂತವರು ಹಿಂದಕ್ಕೆ ಬೀಳುತ್ತಾರೆ. ಹಾಳೆ ಹೊರಟರೂ ಮೈ ಇದ್ದಲ್ಲೇ ಇರಲು ನೋಡುತ್ತದೆ. ಇದು ಜಡತ್ವ. ಸ್ಕೂಟರ್ ಗಕ್ಕನೆ ನಿಂತಾಗ ಇದೇ ತಿರುಗುಮುರುಗಾಗುತ್ತದೆ: ಗಾಡಿ ನಿಂತರೂ ಮುಂದೆ ನಿಂತ ಮಗು ಹೋಗುತ್ತಲೇ ಇರುತ್ತದೆ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಸುಮಾರು 5 ಮೀಟರ್ ಎತ್ತರದಿಂದ ಬಿದ್ದವರು ನೆಲಕ್ಕೆ ಬಡಿಯುವುದೂ ಅಷ್ಟೇ ವೇಗದಲ್ಲಿ. ಬೆಳಿಗ್ಗೆ ಗೇಟಿನ ಹತ್ತಿರ ಮಕ್ಕಳು ಸ್ಕೂಟರಿನ ಮುಂದೆ ನಿಂತುಕೊಂಡು ಬರುವುದನ್ನು ದಿನಾ ನೋಡುತ್ತೇನೆ, ಎದೆ ಧಸಕ್ ಅನ್ನುತ್ತದೆ. ಹಿಂದೆ ಕೂರಿಸಿ, ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಕಿಸಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕು ಎಂದು ಕಾನೂನೇ ಹೇಳುತ್ತದೆ.

ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳು ತಮ್ಮ ಪ್ರಯೋಗಗಳನ್ನು ಅಂಗಳದಲ್ಲಿ ಮಾಡಿ ತೋರಿಸುತ್ತಾರೆ. ಬಿಡುವಾದರೆ ಬನ್ನಿ, ಅಜ್ಜ ಅಜ್ಜಿಯರೂ ಬರಲಿ. ಬರುವಾಗ ಒಣಗಿದ ಹಾಳೆ ಇದ್ದರೆ ಒಂದೆರಡು ತನ್ನಿ. ನಮ್ಮಲ್ಲಿದ್ದವು ಹರಿದುಹೋಗಿವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ