ಥ್ರಿಲ್ಲರ್‌ಗಳಿಗೆ ಕನ್ನಡ ಅಡಿಬರಹ (ಸಬ್‌ಟೈಟಲ್) ಬೇಕು

ಮಾನ್ಯರೇ,

ಇತ್ತೀಚಿನ ಕನ್ನಡ ಥ್ರಿಲ್ಲರ್ ಸಿನಿಮಾ, ವೆಬ್ ಸರಣಿಗಳಲ್ಲಿ ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಮಾತೇ ಕೇಳಿಸದಂತಾಗಿದೆ. ಕೊಲೆಗಾರನ ಸುಳಿವು ಇರುವುದೇ ಪಿಸುಮಾತಿನ ಒಂದು ಸಾಲಿನಲ್ಲಿ. ಸರಿಯಾಗಿ ಆಗಲೇ ಪಿಟೀಲು, ಡ್ರಮ್ಸ್ ಮುಗಿಬೀಳುತ್ತವೆ. ಧ್ವನಿ ಏರಿಸಿದರೆ, ಮುಂದಿನ ದೃಶ್ಯದಲ್ಲಿ ಬಾಗಿಲು ಬಡಿದ ಸದ್ದಿಗೆ ಪಕ್ಕದ ಕೋಣೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. (ಧಾರಾವಾಹಿಗಳ ಮಾತು ಬಿಡಿ, ಅಲ್ಲಿ ಒಂದು ಕಣ್ಣೋಟಕ್ಕೂ ಮೂರು ಗುಡುಗು!) ಅಬ್ಬರವಿಲ್ಲದೆಯೂ ಎದೆ ಡವಗುಟ್ಟಿಸಬಹುದು ಎಂಬುದನ್ನು 2024ರ 'ಶಾಖಾಹಾರಿ' ತೋರಿಸಿದೆ. ಮಲೆನಾಡಿನ ಪುಟ್ಟ ಹೋಟೆಲಿನಲ್ಲಿ ನಿಂತ ರಂಗಾಯಣ ರಘು ಅವರ ಮುಖವೇ ಅಲ್ಲಿ ಅರ್ಧ ಕಥೆ ಹೇಳುತ್ತದೆ.

ಒಟಿಟಿಯಲ್ಲಿ ಇಂಗ್ಲಿಷ್ ಅಡಿಬರಹ ಸಿಗುತ್ತದೆ, ಕನ್ನಡದ್ದು ಅಪರೂಪ. ಇಂಗ್ಲಿಷ್ ಓದಲು ಬಾರದ, ಕಿವಿ ಮಂದವಾದ ಹಿರಿಯರು ಇಂತಹ ಚಿತ್ರವನ್ನು ಮೂಕಿಚಿತ್ರದಂತೆ ನೋಡಬೇಕಾಗಿದೆ. ಶ್ರವಣ ಮತ್ತು ದೃಷ್ಟಿದೋಷ ಉಳ್ಳವರಿಗೆ ಚಿತ್ರಮಂದಿರಗಳಲ್ಲಿ ಅನುಕೂಲ ಕಲ್ಪಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2024ರ ಮಾರ್ಚ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಒಟಿಟಿಯಲ್ಲೂ ಅಂಥದೇ ಕಾಳಜಿ ಬೇಕು. ಡಬ್ಬಿಂಗ್‌ಗೆ ಬಳಸಿದ ಸಂಭಾಷಣೆಯ ಪ್ರತಿ ನಿರ್ಮಾಪಕರ ಬಳಿ ಹೇಗೂ ಇರುತ್ತದೆ, ಹಾಗಾಗಿ ಕನ್ನಡ ಅಡಿಬರಹ ಸೇರಿಸುವುದೇನು ದೊಡ್ಡ ಖರ್ಚಿನ ಬಾಬತ್ತಲ್ಲ. ಒಟಿಟಿಗೆ ಚಿತ್ರ ಒಪ್ಪಿಸುವಾಗ ಕನ್ನಡ ಅಡಿಬರಹವನ್ನೂ ಜೊತೆಗೆ ಕೊಡುವಂತೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ನಿರ್ಮಾಪಕರಿಗೆ ಸೂಚಿಸಲಿ. ಸಹಾಯಧನ ನೀಡುವ ರಾಜ್ಯ ಸರ್ಕಾರವೂ ಇದನ್ನೊಂದು ಷರತ್ತಾಗಿ ಸೇರಿಸಲಿ.

– ಒಬ್ಬ ಪ್ರೇಕ್ಷಕ, ಸಾಗರ